ಹೊರುವ ಎಣ್ಣೆ

ಮೈಗೆ ಹಚ್ಚುವ ಸರಕಿನ ವ್ಯಾಪಾರಿಗಳು ಈಗ ಒಂದು ಮಾತು ಬಳಸ್ತಾರೆ: ‘ಕ್ಯಾರಿಯರ್ ಆಯಿಲ್’. ಹೊರುವ ಎಣ್ಣೆ ಅಂತ ಅರ್ಥ. ಗುಲಾಬಿ, ನಿಂಬೆಹುಲ್ಲು, ಗಂಧ ಇವುಗಳ ಪರಿಮಳದ ಎಣ್ಣೆ ಬಹಳ ತೀಕ್ಷ್ಣ, ಹಾಗೇ ಬಳಿದುಕೊಂಡರೆ ಚರ್ಮ ಉರಿಯಬಹುದು. ಅದಕ್ಕೇ ನೂರು ಪಾಲಿಗೆ ಎರಡೋ ಮೂರೋ ಪಾಲು ಪರಿಮಳ ಹಾಕಿ, ಉಳಿದ 97 ಪಾಲು ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆ ತುಂಬುತ್ತಾರೆ. ಬಾಟಲಿ ಮೇಲೆ ಹೆಸರು ಬರೋದು ಆ ಮೂರು ಪಾಲಿಂದು. ಹೊತ್ತದ್ದು 97 ಪಾಲು. ನಮ್ಮ ನಾಡಿನ ಚರಿತ್ರೆ ಬರೆದವರೂ ಹೆಚ್ಚು ಕಡಿಮೆ ಇದೇ ಅಳತೆ ಇಟ್ಟುಕೊಂಡಿದ್ದಾರೆ.

ಗಂಧಕ್ಕೆ ಚರಿತ್ರೆ ಇದೆ. ಯುದ್ಧದಿಂದಾಗಿ ಯೂರೋಪಿಗೆ ಮರ ಹೋಗೋದು ನಿಂತಾಗ 1916ರಲ್ಲಿ ಮೈಸೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು ಅಂತ ಶಾಲೆಯ ಮಕ್ಕಳೂ ಹೇಳ್ತಾರೆ. ದೊರೆ ಯಾರು, ದಿವಾನರು ಯಾರು, ಅದನ್ನೂ ಹೇಳ್ತಾರೆ. ಆದರೆ ಗಂಧದ ಸೋಪಿಗೂ ಒಡಲು ಬೇಕಲ್ಲ? ಆ ಒಡಲು ಎಣ್ಣೆ. ಅದನ್ನು ಹಿಂಡಿದವರು ಯಾರು, ಹಿಂಡಿದವರ ಮೈಗೆ ಎಷ್ಟು ಸಿಕ್ಕಿತು? ಇದನ್ನು ಯಾರೂ ಕೇಳಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ‘ಮಾನಸೋಲ್ಲಾಸ’ ಅನ್ನುವ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಅರಸನ ಸ್ನಾನಕ್ಕೇ ಒಂದು ಭಾಗ. ಹೂವಿನ ವಾಸನೆ ಹಿಡಿಸಿದ ಎಳ್ಳೆಣ್ಣೆ ಹೇಗಿರಬೇಕು, ಜಟ್ಟಿಗಳು ಹೇಗೆ ತಿಕ್ಕಬೇಕು ಅಂತ ವರ್ಣನೆ ಸಾಗುತ್ತೆ. ಎಳ್ಳು ಅರೆದವನ ವಿಚಾರ ಅಲ್ಲಿಲ್ಲ. ಒಂದು ತಲೆಮಾರು ಕಳೆಯೋದರೊಳಗೆ ಬಸವಣ್ಣನ ಕಾಲದ ಶರಣರ ಸಾಲಿನಲ್ಲಿ ಗಾಣದ ಕಣ್ಣಪ್ಪ ಅಂತ ಒಬ್ಬ ವಚನಕಾರ ನಿಲ್ಲುತ್ತಾನೆ. ಕಸುಬೇ ಹೆಸರು. ದೊರೆಯ ಪುಸ್ತಕದಲ್ಲಿ ಎಣ್ಣೆ ಮಾತ್ರ ಇತ್ತು, ಇಲ್ಲಿ ಗಾಣವೂ ಬಂತು, ಗಾಣದವನೂ ಬಂದ.

ಶಾಸನಗಳಲ್ಲಿ ಗಾಣ ಬೇಕಾದಷ್ಟು ಸಿಗುತ್ತೆ. ಗಾಣದೆರೆ ಅಂತ ತೆರಿಗೆ. ದೇವರ ಸೊಡರಿಗೆ ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ ಅಂತ ದತ್ತಿ. ಅಂದರೆ ಆಳುವವನಿಗೂ ಗುಡಿಗೂ ಗಾಣ ಚೆನ್ನಾಗಿ ಗೊತ್ತಿತ್ತು, ವಸೂಲಿಗೆ ಗೊತ್ತಿತ್ತು. ಇನ್ನು ಮನು ಏನು ಹೇಳ್ತಾನೆ ನೋಡಿ. ನಾಲ್ಕನೇ ಅಧ್ಯಾಯದಲ್ಲಿ ಬ್ರಾಹ್ಮಣ ಯಾರಿಂದ ದಾನ ತಗೋಬಾರದು ಅನ್ನುವ ಪಟ್ಟಿ ಬರುತ್ತೆ. ಅಲ್ಲಿ ಒಂದು ಗಾಣ ಹತ್ತು ಕಸಾಯಿಖಾನೆಗೆ ಸಮ! ಎದುರಿಗೆ ಗಾಣಿಗ ಬಂದರೆ ಅಪಶಕುನ ಅನ್ನುವ ಮಾತು ಊರೂರಲ್ಲಿ ಉಳಿದದ್ದು ಇಂಥ ಬೇರಿನಿಂದಲೇ ಇರಬೇಕು. ಗಾಣದವನ ಮುಖ ಅಮಂಗಳ, ಅವನ ಎಣ್ಣೆಯಲ್ಲಿ ಉರಿಯುವ ನಂದಾದೀಪ ಮಂಗಳ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟ ಪುಸ್ತಕದಲ್ಲಿ ಗಾಣಿಗರನ್ನು ಬೈದ ಈ ಹಾಳೆಯೂ ಇತ್ತು. ಹಿಂದುಳಿದ ಜಾತಿಯ ಗೆಳೆಯರು ಇದನ್ನು ಒಮ್ಮೆ ನೆನೆಯಲಿ.

ಗಾಣದ ಕೆಲಸ ಸುಲಭದ್ದಲ್ಲ. ದೊಡ್ಡ ಒರಳು, ಅದರೊಳಗೆ ವಾಲಿಕೊಂಡು ತಿರುಗುವ ಕಂಬ, ಕಂಬಕ್ಕೆ ಬಿಗಿದ ಅಡ್ಡಮರ, ಅದರ ಮೇಲೆ ಭಾರದ ಕಲ್ಲು, ಮುಂದೆ ಕಣ್ಣುಕಟ್ಟಿದ ಎತ್ತು. ಎಳ್ಳು ಅರೆಯುವಾಗ ನಡುನಡುವೆ ನೀರು ಚಿಮುಕಿಸಬೇಕು. ನೀರು ಕುಡಿದ ಹಿಟ್ಟು ಹಿಂಡಿಯಾಗಿ ಕಚ್ಚಿಕೊಂಡು ಎಣ್ಣೆ ಬಿಡುತ್ತೆ. ನೀರು ಕಡಿಮೆಯಾದರೆ ಎಣ್ಣೆ ಹಿಂಡಿಯಲ್ಲೇ ಕೂರುತ್ತೆ, ಹೆಚ್ಚಾದರೆ ಎಲ್ಲಾ ರಾಡಿ. ಎಷ್ಟು ಹನಿ ಅಂತ ಕೈಗೆ ಮಾತ್ರ ಗೊತ್ತು. ಎಳ್ಳಿನ ತೂಕದ ಸುಮಾರು ಅರ್ಧ ಎಣ್ಣೆಯೇ, ಅದನ್ನು ಪೂರ್ತಿ ತೆಗೆಯೋಕೆ ಗಾಣಕ್ಕೆ ಆಗದು. ಗಾಣದಲ್ಲೂ ಜಾತಿಯೊಳಗೆ ಜಾತಿ: ಎರಡೆತ್ತು ಕಟ್ಟುವವರು ಹೆಗ್ಗಾಣಿಗರು, ಮರದ ಗಾಣದವರು ಕಿರುಗಾಣಿಗರು, ಒಂದೇ ಎತ್ತಿನವರು ಒಂಟೆತ್ತು ಗಾಣಿಗರು ಅಂತ ಥರ್ಸ್ಟನ್ 1909ರ ತನ್ನ ಪುಸ್ತಕದಲ್ಲಿ ಪಟ್ಟಿ ಕೊಡುತ್ತಾನೆ. ಎತ್ತಿನ ಲೆಕ್ಕದಲ್ಲೂ ಮೇಲು ಕೀಳು ಹುಡುಕುವ ದೇಶ ನಮ್ಮದು.

ಆದರೆ ಗಾಣವೂ ಇಲ್ಲದವರು? ಎತ್ತೂ ಇಲ್ಲ, ಎಳ್ಳು ಬಿತ್ತೋಕೆ ಹೊಲವೂ ಇಲ್ಲ. ಅವರ ಎಣ್ಣೆ ಹರಳೆಣ್ಣೆ. ಹರಳಿನ ಗಿಡ ತಿಪ್ಪೆ ಪಕ್ಕದಲ್ಲೂ ಬೇಲಿಯಲ್ಲೂ ಬೆಳೆಯುತ್ತೆ, ಯಾರ ಅಪ್ಪಣೆಯೂ ಬೇಡ. ಟಿಪ್ಪು ಬಿದ್ದ ಮೇಲೆ 1800-01ರಲ್ಲಿ ಕಂಪನಿಯವರು ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು ಸೀಮೆ ಸುತ್ತೋಕೆ ಕಳಿಸಿದರು. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಈ ನೆಲದಿಂದ ಏನೇನು ಕೀಳಬಹುದು ಅಂತ ನೋಡೋಕೆ ಬಂದವನು, ಆದರೂ ಕಣ್ಣು ಚುರುಕು. ಹರಳನ್ನು ಮಡಕೆಯಲ್ಲಿ ಹುರೀತಾರೆ, ಒರಳಲ್ಲಿ ಕುಟ್ಟಿ ಉಂಡೆ ಕಟ್ತಾರೆ, ಅಷ್ಟೇ ನೀರು ಹಾಕಿ ಸುಮಾರು 5 ಗಂಟೆ ಕುದಿಸ್ತಾರೆ, ತಳ ಹಿಡಿಯದ ಹಾಗೆ ತಿರುವುತ್ತಲೇ ಇರ್ತಾರೆ, ಮೇಲೆ ತೇಲಿದ ಎಣ್ಣೆ ತೆಗೀತಾರೆ ಅಂತ ಬರೆದುಕೊಂಡ.

ಕಾಲೇಜಿನ ಲೈಬ್ರರಿಯಲ್ಲಿ ಇದನ್ನು ಓದಿದಾಗ ನನಗೆ ನಗು ಬಂತು. ಇದು ನಮ್ಮಜ್ಜಿಯ ಒಲೆ! ಅವಳು ಇನ್ನೂ ಒಂದು ಕೆಲಸ ಮಾಡೋಳು. ಚಿಪ್ಪಲ್ಲಿ ತೋಡಿದ ಎಣ್ಣೆಯನ್ನು ಮತ್ತೆ ಸಣ್ಣ ಉರಿಯಲ್ಲಿಟ್ಟು, ನೀರಿನಂಶ ಹೋಗಿ ಚಟಪಟ ಸದ್ದು ನಿಲ್ಲೋವರೆಗೂ ಕಾಯೋಳು. ‘ಸದ್ದು ನಿಂತ್ಮೇಲೆ ಇಳಿಸ್ಬೇಕು ಕಣ್ಲಾ, ಇಲ್ದಿದ್ರೆ ಮುಗ್ಗಾಯ್ತದೆ’ ಅನ್ನೋಳು. ಹಿಂಡಿಯನ್ನು ದನಕ್ಕೆ ಹಾಕೋಕೆ ಬಿಡ್ತಿರಲಿಲ್ಲ, ಹೊಲಕ್ಕೇ. ಹರಳಿನ ಬೀಜದಲ್ಲಿ ರೈಸಿನ್ ಅನ್ನುವ ವಿಷ ಇದೆ, ಅದು ಎಣ್ಣೆಗೆ ಇಳಿಯದೆ ಹಿಂಡಿಯಲ್ಲಿ ಉಳಿಯುತ್ತೆ, ಚೆನ್ನಾಗಿ ಬೆಂದರೆ ಸಾಯುತ್ತೆ. ಅಕ್ಷರ ಬಾರದ ಹೆಂಗಸರು ಇದನ್ನು ಮಡಕೆ ಮುಂದೆ ಕೂತು ಕಲಿತಿದ್ದರು. ಕೂಸಿನ ನೆತ್ತಿಗೆ, ಬಾಣಂತಿ ಮೈಗೆ, ಕೆಸರುಗದ್ದೆಯಲ್ಲಿ ಜೀತ ಮಾಡಿ ಸೀಳಿದ ಹಿಮ್ಮಡಿಗೆ ಅದೇ ಎಣ್ಣೆ. ಕಜ್ಜಿಗೆ ಹೊಂಗೆ ಎಣ್ಣೆ. ಗಾಣಕ್ಕೆ ತೆರಿಗೆ ಹಾಕಿದವರಿಗೆ ಈ ಮಡಕೆ ಕಾಣಿಸಲಿಲ್ಲ, ಹಾಗಾಗಿ ಕಲ್ಲಿನ ಮೇಲೆ ಇದರ ಹೆಸರೂ ಇಲ್ಲ.

ಜಿಡ್ಡಿನ ವಿಷಯ ಸಣ್ಣದು ಅನ್ನಬೇಡಿ. ಜೈಪುರ ಸಂಸ್ಥಾನದ ಚಕ್ವಾರದಲ್ಲಿ ಅಸ್ಪೃಶ್ಯರು ತಮ್ಮವರಿಗೆ ಹಾಕಿದ ಊಟದಲ್ಲಿ ತುಪ್ಪ ಬಡಿಸಿದರು ಅಂತ ಸವರ್ಣೀಯರು ಲಾಠಿ ಹಿಡಿದು ನುಗ್ಗಿ ಹೊಡೆದದ್ದನ್ನು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ತುಪ್ಪ ಅವರ ದುಡ್ಡಿಂದು, ನಾಲಿಗೆ ಅವರದು. ನಾಲಿಗೆಗೇ ಹೀಗಾದರೆ ಚರ್ಮಕ್ಕೆ ಎಷ್ಟು ಬಿಟ್ಟಾರು? ಒಣಗಿದ ಮೈ, ಎಣ್ಣೆ ಕಾಣದ ಕೆದರು ತಲೆ ಹುಟ್ಟಿನ ಗುರುತಲ್ಲ, ಹಂಚಿಕೆಯ ಗುರುತು.

ಮುಂದಿನದು ಬೇಗ ಹೇಳಬಹುದು. 19ನೇ ಶತಮಾನದ ಕೊನೆಗೆ ಸೀಮೆಎಣ್ಣೆ ಬಂದು ದೀಪದಿಂದ ಹರಳೆಣ್ಣೆ ಹೋಯಿತು. ಮಿಲ್ಲು ಬಂದು ಗಾಣ ಸೋತಿತು. 1934ರಲ್ಲಿ ಗಾಂಧೀಜಿ ಹುಟ್ಟುಹಾಕಿದ ಗ್ರಾಮೋದ್ಯೋಗ ಸಂಘದವರು ವಾರ್ಧಾದಲ್ಲಿ ಗಾಣ ಸುಧಾರಿಸಿದರು, ಅದು ಮಿಲ್ಲಿನ ಮುಂದೆ ನಿಲ್ಲಲಿಲ್ಲ. ದೊಡ್ಡ ಕಾರ್ಖಾನೆಗಳು ಹಿಂಡಿಯಲ್ಲಿ ಉಳಿದದ್ದನ್ನೂ ಬಿಡದೆ, 69 ಡಿಗ್ರಿಯ ಹತ್ತಿರ ಕುದಿಯುವ ಹೆಕ್ಸೇನ್ ಅನ್ನುವ ದ್ರಾವಕ ಹಾಯಿಸಿ ಎಳೆದುಕೊಂಡವು. ಆಮೇಲೆ ಬಣ್ಣ ತೆಗೆದು ವಾಸನೆ ತೆಗೆದು, ಯಾವ ಊರಿನದೂ ಅಲ್ಲದ ಎಣ್ಣೆ ಮಾಡಿದವು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯೋದು ಭಾರತ, ಅದರಲ್ಲೂ ಗುಜರಾತ್.

ಈಗ ಗಾಣ ಮತ್ತೆ ಬಂದಿದೆ, ಪಟ್ಟಣದ ಅಂಗಡಿಗೆ. ಕಾಯಿಸದೆ ಹಿಂಡಿದ್ದು ಅಂತ ‘ಕೋಲ್ಡ್ ಪ್ರೆಸ್ಡ್’ ಚೀಟಿ ಹಚ್ಚಿದ ಪುಟ್ಟ ಸೀಸೆ. ಶಾಖ ತಾಗದ ಎಣ್ಣೆಯೇ ಶ್ರೇಷ್ಠ ಅಂತೆ. ಬೀಜದ ಸತ್ವ ಉಳಿಯುತ್ತೆ ಅನ್ನೋದರಲ್ಲಿ ನಿಜ ಇಲ್ಲದಿಲ್ಲ. ಆದರೆ ನಮ್ಮಜ್ಜಿಯ ಎಣ್ಣೆ ಬಿಸಿ ಎಣ್ಣೆ. ಹುರಿದದ್ದು, ಕುದ್ದದ್ದು. ಆ ಚೀಟಿಯ ಪ್ರಕಾರ ಅದು ಮೂರನೇ ದರ್ಜೆ.

ಜಮೈಕಾ ದ್ವೀಪಕ್ಕೆ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕಾದ ಜನರೂ ಹರಳನ್ನು ಹೀಗೇ ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೀತಿದ್ದರು. ಹುರಿದದ್ದಕ್ಕೆ ಎಣ್ಣೆ ಕಪ್ಪು. ಅವರ ಮಕ್ಕಳು ಮೊಮ್ಮಕ್ಕಳು ಆ ಬಣ್ಣ ತೆಗೆಯಲಿಲ್ಲ, ‘ಜಮೈಕಾದ ಕಪ್ಪು ಹರಳೆಣ್ಣೆ’ ಅಂತಲೇ ಕರೆದರು, ಇವತ್ತು ಆ ಹೆಸರಿಗೇ ಲೋಕದ ತುಂಬ ಗಿರಾಕಿ. ನಮ್ಮ ಹಟ್ಟಿಗಳಲ್ಲಿ ಹರಳು ಕುದಿಸಬಲ್ಲ ಮುದುಕಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಹಳ್ಳಿ ಮೇಷ್ಟ್ರುಗಳು ಒಂದು ಭಾನುವಾರ ನೋಟುಬುಕ್ಕು ಹಿಡಿದು ಅವರ ಹತ್ತಿರ ಕೂರಬೇಕು. ಚಿಟ್ಟರಳೋ ದೊಡ್ಡರಳೋ, ಎಷ್ಟು ಸೇರಿಗೆ ಎಷ್ಟು ನೀರು, ಯಾವ ಸೌದೆ, ಯಾರಿಂದ ಕಲಿತದ್ದು ಅನ್ನೋದನ್ನೆಲ್ಲ ಅವರ ಮಾತಲ್ಲೇ ಬರೆದುಕೊಳ್ಳಬೇಕು, ಹೇಳಿದವಳ ಹೆಸರು ಮೇಲೆ ಹಾಕಿ.