ಕೋಟಿಗೆ ಏನು ಒಪ್ಪುತ್ತದೆ?

‘ಒಪ್ಪು’ ನನಗೆ ಬಲು ಇಷ್ಟದ ಪದ. ಹಳಗನ್ನಡದಲ್ಲಿ ಒಪ್ಪು ಎಂದರೆ ಚೆಲುವು, ಒಪ್ಪುವುದೆಂದರೆ ಸೊಗಸಾಗಿ ಕಾಣುವುದು. ಶಾಸನಗಳ ಕೊನೆಯಲ್ಲಿ ಬರುವ ‘ಒಪ್ಪ’ ಸಹಿ. ಒಡವೆಗೆ ಕೊಡುವ ಮೆರುಗೂ ಒಪ್ಪವೇ. ಒಪ್ಪಿಗೆ, ಒಪ್ಪಂದಗಳೂ ಇದೇ ಮನೆಯವು. ಮಕ್ಕಳು ಮೇಷ್ಟರಿಗೆ ಪಾಠ ಒಪ್ಪಿಸುತ್ತಾರೆ. ಮದುವೆಮನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ನೆರೆದವರ ಕಣ್ಣೆಲ್ಲ ತುಂಬಿಕೊಳ್ಳುತ್ತದೆ. ಇಷ್ಟೆಲ್ಲ ಬಾಳಿದ ಪದ ಈಚೆಗೆ ಕರಾರು ಪತ್ರಗಳಲ್ಲಿ ಉಳಿದಿದೆ, ಕನ್ನಡಿಯ ಮುಂದೆ ಕಡಿಮೆಯಾಗಿದೆ. ‘ಈ ಬಣ್ಣ ನಿನಗೆ ಒಪ್ಪುತ್ತೆ ಕಣೇ’ ಎನ್ನುತ್ತಿದ್ದ ಕಡೆ ಈಗ ‘ಮ್ಯಾಚ್ ಆಗುತ್ತೆ’ ಬಂದು ಕೂತಿದೆ.

ಮ್ಯಾಚಿಂಗ್ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಪೇಟೆಬೀದಿಗಳ ಮ್ಯಾಚಿಂಗ್ ಸೆಂಟರುಗಳಲ್ಲಿ ಸೀರೆಯ ಅಂಚನ್ನು ಬಿಸಿಲಿಗೆ ಹಿಡಿದು, ಹತ್ತಾರು ಹಸಿರುಗಳ ನಡುವೆ ಅದೇ ಹಸಿರನ್ನು ಎಳೆದು ತೆಗೆಯುವವರ ಕಣ್ಣಿಗೆ ಕೈಮುಗಿಯಬೇಕು. ಆದರೆ ಆ ಕಣ್ಣು ಹುಡುಕುವುದು ‘ಅದೇ’ ಬಣ್ಣವನ್ನು. ಇಳಕಲ್ ಸೀರೆಯ ಜೊತೆ ಗುಳೇದಗುಡ್ಡದ ಖಣ ತೊಡುವ ಹೆಂಗಸರು ‘ಅದೇ’ ಬಣ್ಣದ ಹಟ ಹಿಡಿದವರಲ್ಲ. ಸೀರೆಯದೊಂದು ಬಣ್ಣ, ಖಣದ್ದೊಂದು ಬಣ್ಣ, ಎರಡೂ ಒಪ್ಪುತ್ತವೆ.

ಎಡಿನ್‌ಬರೋದಲ್ಲಿ ಓದುತ್ತಿರುವ ಅಕ್ಕನ ಮಗ ಅಲ್ಲಿನ ಹಳೆಬಟ್ಟೆ ಅಂಗಡಿಯಲ್ಲಿ ಒಂದು ಹ್ಯಾರಿಸ್ ಟ್ವೀಡ್ ಕೋಟು ಕೊಂಡ. ಫೋಟೋ ಕಳಿಸಿ, ‘ಚಿಕ್ಕಮ್ಮ, ಇದಕ್ಕೆ ಮ್ಯಾಚಿಂಗ್ ಪ್ಯಾಂಟು ಬೇಕು, ಎಲ್ಲೂ ಸಿಗುತ್ತಿಲ್ಲ’ ಅಂದ. ಸಿಗುವುದೂ ಇಲ್ಲ. ಏಕೆಂದು ತಿಳಿಯಬೇಕಾದರೆ ಆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡಬೇಕು.

ದೂರಕ್ಕೆ ಬರೀ ಕಂದು. ಹತ್ತಿರ ಹೋದರೆ ಒಂದೇ ಎಳೆಯಲ್ಲಿ ಸಾಸಿವೆ ಹಳದಿ, ಪಾಚಿ ಹಸಿರು, ಇಟ್ಟಿಗೆ ಕೆಂಪು, ಅಲ್ಲೊಂದು ಇಲ್ಲೊಂದು ನೀಲಿ. ಹ್ಯಾರಿಸ್ ಟ್ವೀಡಿನಲ್ಲಿ ಬಣ್ಣ ಕಟ್ಟುವುದು ನೂಲಿಗಲ್ಲ, ನೂಲುವ ಮೊದಲೇ ಉಣ್ಣೆಗೆ. ಬೇರೆ ಬೇರೆ ಬಣ್ಣದ ಉಣ್ಣೆಯನ್ನು ಬೆರೆಸಿ, ಹಿಂಜಿ, ಆಮೇಲೆ ನೂಲುತ್ತಾರೆ. ಹಿಂದೆ ಬಂಡೆಯ ಮೇಲಿನ ಕಲ್ಲುಹೂವನ್ನು ಕೆರೆದು ತಂದು, ಉಣ್ಣೆಯ ಜೊತೆ ಕುದಿಸಿ ತುಕ್ಕಿನಂಥ ಕೆಂಗಂದು ಪಡೆಯುತ್ತಿದ್ದರು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯಬೇಕು. ಬಣ್ಣ ಕಟ್ಟುವುದು, ನೂಲುವುದು, ಕೊನೆಯ ಹದ ಕೊಡುವುದು ಎಲ್ಲವೂ ಆ ದ್ವೀಪಗಳಲ್ಲೇ ಆಗಬೇಕು. ಆಗ ಮಾತ್ರ ಅದು ಹ್ಯಾರಿಸ್ ಟ್ವೀಡ್. ಬ್ರಿಟನ್ನಿನ ಪಾರ್ಲಿಮೆಂಟು 1993ರಲ್ಲಿ ಇದಕ್ಕೊಂದು ಕಾಯ್ದೆಯನ್ನೇ ಮಾಡಿದೆ. ಕೋಟಿನ ಒಳಮೈಯಲ್ಲಿ ಹೊಲಿದ ಗೋಲ ಮತ್ತು ಶಿಲುಬೆಯ ಗುರುತು ಇನ್ನೂ ಹಳೆಯದು, 1910ರಲ್ಲಿ ನೋಂದಣಿಯಾದದ್ದು. ಬಟ್ಟೆಯ ಕೊನೆಗೆ ಬಿದ್ದ ಒಪ್ಪ ಅದು.

(ಟ್ವೀಡ್ ಎಂಬ ಹೆಸರಿನ ಹುಟ್ಟೂ ಸೊಗಸಾಗಿದೆ. ಓರೆಗೆರೆಯ ನೇಯ್ಗೆಗೆ ಸ್ಕಾಟ್ ಜನ ಹೇಳುತ್ತಿದ್ದದ್ದು ‘ಟ್ವೀಲ್’. ಅದನ್ನು ವ್ಯಾಪಾರಿಗಳು ‘ಟ್ವೀಡ್’ ಎಂದು ಓದಿಕೊಂಡರು; ಅದೇ ಸೀಮೆಯಲ್ಲಿ ಟ್ವೀಡ್ ಹೆಸರಿನ ನದಿಯೂ ಹರಿಯುತ್ತಿದ್ದುದರಿಂದ ಆ ಓದೇ ನಿಂತುಬಿಟ್ಟಿತು.)

ಇಂಥ ಬಟ್ಟೆ ಮೊದಲು ಒಪ್ಪಬೇಕಾಗಿದ್ದದ್ದು ನೆಲಕ್ಕೆ. ಸ್ಕಾಟ್ಲೆಂಡಿನ ದೊಡ್ಡ ಜಮೀನುದಾರರು ಬೇಟೆಗೆ ಹೋಗುವ ತಮ್ಮ ಆಳುಗಳಿಗೆ ಆಯಾ ಬೆಟ್ಟದ ಬಣ್ಣಕ್ಕೆ ಹೊಂದುವ ಟ್ವೀಡ್ ನೇಯಿಸುತ್ತಿದ್ದರು, ಜಿಂಕೆಯ ಕಣ್ಣಿಗೆ ಬೀಳದಿರಲಿ ಎಂದು. ಬ್ಯಾಲ್ಮೋರಲ್ ಟ್ವೀಡನ್ನು ವಿಕ್ಟೋರಿಯಾ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್ ರೂಪಿಸಿದ್ದು 1853ರಲ್ಲಿ. ದೂರಕ್ಕೆ ಅದು ಆ ಸೀಮೆಯ ಗ್ರಾನೈಟಿನ ಬೂದು.

ಈಗ ಪ್ಯಾಂಟಿನ ಮಾತು. ಕೋಟಿನ ಜೊತೆಗೇ, ಅದೇ ಥಾನಿನಲ್ಲಿ ಹೊಲಿಸಿದ ಷರಾಯಿ ಸಿಕ್ಕಿದರೆ ಅದು ಅದೃಷ್ಟ, ಎರಡನ್ನೂ ಅಗಲಿಸಬಾರದು. ಆದರೆ ಮೊಣಕಾಲು, ಕೂರುವ ಜಾಗ ಬೇಗ ಸವೆಯುವುದರಿಂದ ಪ್ಯಾಂಟು ಮೊದಲು ಹೋಗುತ್ತದೆ, ಕೋಟು ಒಂಟಿಯಾಗುತ್ತದೆ. ದಶಕಗಳ ಬಿಸಿಲು ಗಾಳಿಯಲ್ಲಿ ಮಾಗಿದ ಆ ಕಂದಿನ ಪಕ್ಕಕ್ಕೆ ಅದರಂತೆಯೇ ಕಾಣುವ ಹೊಸ ಕಂದು ತಂದರೆ, ನೋಡಿದವರಿಗೆ ಮೊದಲು ಕಾಣುವುದು ಕೂದಲೆಳೆಯಷ್ಟು ವ್ಯತ್ಯಾಸವೇ. ಅದಕ್ಕಿಂತ ನಡುಬೂದಿನ ಫ್ಲ್ಯಾನೆಲ್ ಪ್ಯಾಂಟು ಎಷ್ಟೋ ಮೇಲು. ಅದು ಕೋಟಿನ ಜೊತೆ ಪೈಪೋಟಿಗೆ ಇಳಿಯುವುದಿಲ್ಲ. ಇಲ್ಲವೇ ಕೋಟಿನೊಳಗೇ ಅಡಗಿರುವ ಒಂದು ಬಣ್ಣವನ್ನು ಆರಿಸಿ, ಆ ಪಾಚಿ ಹಸಿರನ್ನೋ ಇಟ್ಟಿಗೆ ಕೆಂಪನ್ನೋ ಕಾರ್ಡುರಾಯ್ ಪ್ಯಾಂಟಿಗೆ ತರಬಹುದು. ನನಗೆ ಇದೇ ಹೆಚ್ಚು ಇಷ್ಟ. ತೂಕವೂ ಒಪ್ಪಬೇಕು. ಟ್ವೀಡ್ ದಪ್ಪ, ಒರಟು. ಅದರ ಕೆಳಗೆ ಆಫೀಸಿನ ತೆಳ್ಳನೆಯ ಹೊಳಪು ಪ್ಯಾಂಟು ಹಾಕಿದರೆ ಬಣ್ಣ ಎಷ್ಟೇ ಕೂಡಿದರೂ ಮೇಲೊಂದು ಋತು, ಕೆಳಗೊಂದು ಋತು.

ನಮ್ಮ ಹಳೇ ಮೈಸೂರಿನ ಹಿರಿಯರು ಇದನ್ನು ಬಲ್ಲವರಾಗಿದ್ದರು. ಕಚ್ಚೆಪಂಚೆಯ ಮೇಲೆ ಕೋಟು ತೊಟ್ಟು ಕಚೇರಿಗೆ, ಶಾಲೆಗೆ, ಸಭೆಗೆ ಹೋದರು. ಪಂಚೆ ಯಾವ ಕೋಟಿಗೂ ಮ್ಯಾಚ್ ಆದದ್ದಲ್ಲ. ಎಲ್ಲ ಕೋಟಿಗೂ ಒಪ್ಪಿತು.

ಉಳಿದದ್ದು ಸುಲಭ. ಅಂಗಿ ಕೆನೆಬಣ್ಣದ್ದಿರಲಿ, ಅಥವಾ ತೆಳುಗೆರೆಯ ಟ್ಯಾಟರ್ಸಲ್ ಚೌಕಳಿ. ಲಂಡನ್ನಿನ ಟ್ಯಾಟರ್ಸಲ್ ಕುದುರೆ ಮಾರುಕಟ್ಟೆಯಲ್ಲಿ ಕುದುರೆಗಳಿಗೆ ಹೊದಿಸುತ್ತಿದ್ದ ಕಂಬಳಿಯಿಂದ ಬಂದ ಹೆಸರು ಅದು. ಕೋಟಿನ ಚೌಕಳಿ ದೊಡ್ಡದಾದರೆ ಅಂಗಿಯದು ಸಣ್ಣದು. ಟೈ ಉಣ್ಣೆಯದೋ ಹೆಣೆದದ್ದೋ ಆಗಲಿ, ಮಿರಮಿರ ಸ್ಯಾಟಿನ್ ಬೇಡ. ಟೈ ಮತ್ತು ಜೇಬಿನ ಕರವಸ್ತ್ರವನ್ನು ಒಂದೇ ಬಟ್ಟೆಯಲ್ಲಿ ಮಾಡಿ ಒಂದೇ ಡಬ್ಬಿಯಲ್ಲಿಟ್ಟು ಮಾರುತ್ತಾರಲ್ಲ, ಅದನ್ನು ಕೊಳ್ಳಲೇಬೇಡ ಎಂದು ಹುಡುಗನಿಗೆ ಒತ್ತಿ ಹೇಳಿದೆ. ಬೂಟು ಕಂದು, ತೂತುಗಳ ಚಿತ್ತಾರವಿರುವ ಬ್ರೋಗ್ ಆದರೆ ಚೆನ್ನ. ಜೌಗು ನೆಲದಲ್ಲಿ ನಡೆಯುವಾಗ ನೀರು ಸೋರಿಹೋಗಲೆಂದು ಕೊರೆಯುತ್ತಿದ್ದ ತೂತುಗಳು ಇಂದು ಅಲಂಕಾರವಾಗಿವೆ. ಬೆಲ್ಟು ಬೂಟಿನ ಬಣ್ಣದ್ದೇ ಇರಲಿ. ಮ್ಯಾಚಿಂಗ್ ಸಲ್ಲುವ ಜಾಗ ಇದೊಂದು.

ಇದೆಲ್ಲಕ್ಕೂ ಮೊದಲು ಕೋಟು ತೊಟ್ಟವನ ಮೈಗೆ ಒಪ್ಪಬೇಕು. ತೋಳು ಉದ್ದವಾದರೆ ದರ್ಜಿ ಮೋಟು ಮಾಡಿಯಾನು, ನಡು ಸಡಿಲವಿದ್ದರೆ ಹಿಡಿದಾನು. ಹಳೆಯ ಕೋಟುಗಳಲ್ಲಿ ಹೊಲಿಗೆಯ ಒಳಗೆ ಬಟ್ಟೆ ಉಳಿಸಿದ್ದರೆ ಬಿಚ್ಚಿ ಸ್ವಲ್ಪ ಅಗಲವನ್ನೂ ಮಾಡಬಹುದು. ಭುಜವನ್ನು ಮಾತ್ರ ಮುಟ್ಟಬಾರದು. ಅಲ್ಲಿ ಬಿಚ್ಚಿದರೆ ಕಾಲರು, ತೋಳು, ಒಳಗಿನ ಅಸ್ತರು ಎಲ್ಲವನ್ನೂ ಹೊಸದಾಗಿ ಕೂರಿಸಬೇಕು, ಅದರ ಮಜೂರಿಗೆ ಇನ್ನೊಂದು ಹಳೆಯ ಕೋಟೇ ಬಂದೀತು.