ಸುರಪುರಕ್ಕೆ ಬಾರದ ಕಾಫಿ

ಮಗಳ ಕೆಲಸದ ನಿಮಿತ್ತ ಚಿಕ್ಕಮಗಳೂರಿಗೆ ಹೋಗಿದ್ದೆ. ಪೇಟೆ ಬೀದಿಯಲ್ಲಿ ನಡೆಯುವಾಗ ಹುರಿದ ಬೀಜದ ಘಮ ಬಂತು; ಅದರ ಜಾಡು ಹಿಡಿದು ಒಂದು ಸಣ್ಣ ಪುಡಿ ಅಂಗಡಿಯೊಳಗೆ ಹೊಕ್ಕೆ. ಮುಂದೆ ಪುಡಿ ಮಾರಾಟ, ಕುಡಿಯಲು ಒಂದು ಲೋಟ ಕಾಫಿ. ಹಿಂದಿನ ಕೋಣೆಯಲ್ಲಿ ಬೀಜ ಹುರಿಯುವ ಕೆಲಸ.

"ಯಾವ ಊರು ಸರ್ ನಿಮ್ಮದು?" ಎಂದರು ಅಂಗಡಿಯ ಹಿರಿಯರು.

"ಸುರಪುರ. ಯಾದಗಿರಿ ಜಿಲ್ಲೆರೀ."

"ಆ ಕಡೆ ಎಲ್ಲ ಚಹಾ ಅಲ್ವಾ? ಕಾಫಿ ಯಾಕೆ ಕುಡಿಯಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ. ಊರಿಗೆ ಮರಳಿದ ಮೇಲೂ ಆ ಮಾತು ಬಿಡಲಿಲ್ಲ. ದೇಶದ ಕಾಫಿಯಲ್ಲಿ ಹೆಚ್ಚೂಕಡಿಮೆ ಶೇ. 70 ಬೆಳೆಯುವ ರಾಜ್ಯ ನಮ್ಮದು. ಆದರೂ ಯಾದಗಿರಿ, ಶಹಾಪುರ, ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ನಸುಕಿಗೆ ಒಲೆ ಏರುವುದು ಚಹಾದ ಪಾತೇಲಿ. ಕಾಫಿ ಕೇಳಿದರೆ ಹಾಲಿಗೆ ಸ್ಯಾಶೆ ಹರಿದು ಕಲಸಿ ಕೊಡುತ್ತಾರೆ.

ನಮ್ಮ ನಾಲಿಗೆಗೆ ಕಾಫಿ ಹಿಡಿಸಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇದು ಗಡಿ ಮಾಡಿದ ಕೆಲಸ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದ ಬಂಡಾಯ ಮುರಿದುಬಿತ್ತು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಅಲ್ಲಿಂದ, ನಿಜಾಮನ ಆಳ್ವಿಕೆ ಮುಗಿದ 1948ರವರೆಗೆ, ನಮ್ಮ ಮೂರೂ ಊರುಗಳು ನೋಡಿದ್ದು ಹೈದರಾಬಾದಿನ ಕಡೆಗೆ. ವ್ಯಾಪಾರ, ಕಚೇರಿ, ಓದು ಎಲ್ಲವೂ ಅತ್ತ. ಇರಾನಿ ಹೋಟೆಲಿನ ಚಹಾದ ರೂಢಿಯೂ ಅತ್ತಲಿಂದಲೇ ಬಂತು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಹದಿನೇಳನೆಯ ಶತಮಾನದ ಐತಿಹ್ಯ, ಆ ಇಳಿಜಾರಿನಲ್ಲಿ ಎದ್ದ ತೋಟಗಳು, ಬೆಂಗಳೂರು ಮೈಸೂರಿನ ಮನೆಮನೆಯ ಫಿಲ್ಟರ್, ಇವೆಲ್ಲ ಇನ್ನೊಂದು ಸಂಸ್ಥಾನದ ಸಂಗತಿಗಳಾಗಿದ್ದವು.

ರೈಲೂ ಚಹಾದ ಪರವಾಗಿಯೇ ಇತ್ತು. ಮುಂಬೈ–ಮದ್ರಾಸ್ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯ ನಿಲ್ದಾಣ. ಚಹಾದ ಪ್ರಚಾರಕ್ಕೆಂದು ಸೆಸ್ ಕಾನೂನು ಬಂದದ್ದು 1903ರಲ್ಲಿ. ಆ ಹಣದಿಂದ ದೇಶದ ರೈಲು ನಿಲ್ದಾಣಗಳಲ್ಲಿ, ಸಂತೆಗಳಲ್ಲಿ ಚಹಾ ಕುಡಿಸಿ ರೂಢಿ ಮಾಡಿಸಿದರು. ಕಾಫಿಗೆ ಅಂಥದೇ ಸೆಸ್ ಬರಲು 1935 ಆಗಬೇಕಾಯಿತು. ಮೊದಲ ಇಂಡಿಯಾ ಕಾಫಿ ಹೌಸ್ ಮುಂಬೈಯಲ್ಲಿ ತೆರೆದದ್ದು 1936ರಲ್ಲಿ. ಮೂವತ್ತು ವರ್ಷಕ್ಕೂ ಮಿಕ್ಕಿದ ಅಂತರ. ಅಷ್ಟರಲ್ಲಿ ಒಂದು ತಲೆಮಾರಿನ ಬೆಳಗು ಚಹಾಕ್ಕೆ ಒಗ್ಗಿತ್ತು.

ಎರಡನೆಯ ಮಹಾಯುದ್ಧದಿಂದ ಕಾಫಿ ರಫ್ತು ಕಟ್ಟಾದಾಗ, 1940ರಲ್ಲಿ, ಇಡೀ ಬೆಳೆಯನ್ನು ಒಂದೇ ಪೂಲ್‌ಗೆ ಒಪ್ಪಿಸುವ ವ್ಯವಸ್ಥೆ ಬಂತು. ಮುಂದೆ ಅದನ್ನು ಕಾಫಿ ಬೋರ್ಡ್ ನಡೆಸಿತು. ಬೆಳೆಗಾರ ತನ್ನ ಬೀಜವನ್ನು ತಾನೇ ಮಾರುವಂತಿರಲಿಲ್ಲ. ಹುರಿಯುವವನು ಬೋರ್ಡಿನ ಹರಾಜಿನಲ್ಲಿ ಕೊಳ್ಳಬೇಕಿತ್ತು. ಈ ಕಟ್ಟು ಪೂರ್ತಿ ಬಿಚ್ಚಿದ್ದು 1996ರಲ್ಲಿ. ಸಣ್ಣ ಬಂಡವಾಳದವನು ಸುರಪುರದಲ್ಲಿ ಕೂತು ಈ ಧಂದೆ ಮಾಡುವುದು ಆಗ ಎಲ್ಲಿ ಸಾಧ್ಯವಿತ್ತು? ಈ ನಡುವೆ 1956ರ ನವೆಂಬರ್ 1ರಂದು ನಾವೂ ಮೈಸೂರಿನವರೂ ಒಂದೇ ರಾಜ್ಯವಾದೆವು. ಕಪ್ಪಿನೊಳಗಿನದು ಹಳೆಯದೇ ಉಳಿಯಿತು.

ಏಕೀಕರಣದ ಬಳಿಕ ಅಪ್ಪ ಒಮ್ಮೆ ಬೆಂಗಳೂರಿನಿಂದ ಒಂದು ಪೊಟ್ಟಣ ಕಾಫಿ ಪುಡಿ ತಂದಿದ್ದರು. ಅವ್ವ ಅದನ್ನು ಚಹಾಪುಡಿಯಂತೆ ಸಕ್ಕರೆ ಹಾಕಿ ಕುದಿಸಿ, ಅರಿವೆಯಲ್ಲಿ ಸೋಸಿದಳು. ಕಹಿ ಎಂದರೆ ಕಹಿ. ಪುಡಿ ಬಂದಿತ್ತು, ಫಿಲ್ಟರ್ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಕಾಫಿಯ ಕತೆ ಅಲ್ಲಿಗೇ ಮುಗಿಯಿತು.

ಚಿಕ್ಕಮಗಳೂರಿನಲ್ಲಿ ಅಂದು ಆ ಅಂಗಡಿಯ ಹಿಂದಿನ ಕೋಣೆಗೆ ಹಿರಿಯರು ನನ್ನನ್ನು ಕರೆದೊಯ್ದಿದ್ದರು. ಕೆಳಗೆ ಬೆಂಕಿ, ಮೇಲೆ ತಿರುಗುವ ಕಬ್ಬಿಣದ ಡ್ರಮ್. ಹಾಕಿದಾಗ ಬೀಜ ಬೂದು ಮಿಶ್ರಿತ ಹಸಿರು, ಒಣಹುಲ್ಲಿನ ವಾಸನೆ. ಕೆಲ ನಿಮಿಷಕ್ಕೆ ಹಳದಿಯಾಯಿತು; ಹಂಚಿನ ಮೇಲಿನ ಜೋಳದ ರೊಟ್ಟಿ ಕೆಂಪೇರುವಾಗಿನ ವಾಸನೆಯೇ ಬಂತು, ನಾನು ಬೆರಗಾದೆ. ಆಮೇಲೆ ಕಂದು. ಒಳಗಿನಿಂದ ಚಟ್, ಚಟಚಟ ಎಂಬ ಸದ್ದು. ಬೀಜದೊಳಗಿನ ಹಬೆ ಒತ್ತಿ ಅದನ್ನು ಸೀಳುವ ಸದ್ದು ಅದು. ಶಾಖ 200 ಡಿಗ್ರಿಯ ಆಸುಪಾಸು ಮುಟ್ಟಿದಾಗ ಕೇಳುತ್ತದೆ. ಆ ಸದ್ದಿನ ನಂತರ ಅವರು ಮಾತು ನಿಲ್ಲಿಸಿದರು. ಕೈಸೌಟಿನಲ್ಲಿ ಹತ್ತು ಬೀಜ ತೆಗೆದು ಬೆಳಕಿಗೆ ಹಿಡಿದರು, ಮೂಸಿದರು, ಮತ್ತೆ ಒಳಕ್ಕೆ ಹಾಕಿದರು. ಮೂರನೆಯ ಸಲಕ್ಕೆ ಬಾಗಿಲು ತೆರೆದು ಅಷ್ಟನ್ನೂ ತಟ್ಟೆಗೆ ಸುರಿದರು. ಹೊಟ್ಟು ಹಾರಿತು. ನೂರು ಕಿಲೋ ಹಾಕಿದರೆ ಎಂಬತ್ತು ಚಿಲ್ಲರೆ ಉಳಿಯುತ್ತದಂತೆ. ಪುಡಿಗೆ ಎಷ್ಟು ಚಿಕೋರಿ ಎಂಬುದು ಗಿರಾಕಿಯ ಇಷ್ಟ. ಕಾನೂನಿನ ಪ್ರಕಾರ ಶೇ. 49ನ್ನು ಮೀರಬಾರದು. ನನಗೆ ಚಿಕೋರಿ ಬೇಡವೆಂದೆ.

ನೋಡುತ್ತ ನಿಂತಾಗ ನೆನಪಾದದ್ದು ನಮ್ಮೂರ ಚುರುಮುರಿ ಭಟ್ಟಿ. ಕಾದ ಉಸುಕಿಗೆ ಅಕ್ಕಿ ಬೀಳುತ್ತಲೇ ಅರಳುತ್ತದೆ. ಒಂದು ಗಳಿಗೆ ತಡವಾದರೆ ಸೀದುಹೋಗುತ್ತದೆ. ಭಟ್ಟಿಯವರಿಗೆ ಗಡಿಯಾರ ಬೇಡ, ಕಿವಿ ಮೂಗು ಸಾಕು. ಪುಟಾಣಿ ಹುರಿಯುವವರದೂ ಅದೇ ಹದ. ಚಿಕ್ಕಮಗಳೂರಿನ ಹಿರಿಯರ ಕೈಯಲ್ಲಿ ನಾನು ಕಂಡದ್ದು ಇದೇ ವಿದ್ಯೆ. ಧಾನ್ಯ ಮಾತ್ರ ಬೇರೆ.

ಈಗ ಪೂಲ್ ಇಲ್ಲ, ಗಡಿ ಇಲ್ಲ. ಬೆಳೆಗಾರನಿಂದ ನೇರ ಒಂದು ಚೀಲ ಹಸಿ ಬೀಜ ಕೊಳ್ಳಬಹುದು. ಯಾದಗಿರಿ, ಶಹಾಪುರ, ಸುರಪುರದಲ್ಲಿ ಕೆಲಸ ಹುಡುಕುತ್ತಿರುವ ತಮ್ಮಂದಿರು, ತಂಗಿಯರು ಒಮ್ಮೆ ಇದನ್ನು ಯೋಚಿಸಲಿ. ಭಟ್ಟಿಯವರ ಮನೆಯ ಮಕ್ಕಳಾದರೆ ಇನ್ನೂ ಒಳ್ಳೆಯದು. ಪುಡಿಯ ಜೊತೆ ಫಿಲ್ಟರನ್ನೂ ಮಾರಿ, ಇಳಿಸುವುದು ಹೇಗೆಂದು ನಮ್ಮ ಅವ್ವಂದಿರಿಗೆ ತೋರಿಸಿಕೊಡಿ. ಮೊದಲ ದಿನ ಅರ್ಧ ಕಿಲೋ ನಾನು ಒಯ್ಯುತ್ತೇನೆ.