ಅಜ್ಜನ ಕಥೆ, ಮೊಮ್ಮಗನ ಚಿತ್ರ

ಮೆಚ್ಚಿನ ಕಾದಂಬರಿಯೊಂದು ತೆರೆಯ ಮೇಲೆ ಬೇರೊಂದು ರೂಪ ತಾಳಿದರೆ ದೊಡ್ಡವರು ಹೇಗೋ ಮನ್ನಿಸುತ್ತಾರೆ, ಮಕ್ಕಳು ಮನ್ನಿಸುವುದಿಲ್ಲ. ದಿನವೂ ಕೇಳುವ ಕಥೆಯಲ್ಲಿ ಒಂದು ಮಾತು ಆಚೀಚೆಯಾದರೂ 'ಹಾಗಲ್ಲ' ಎಂದು ತಿದ್ದುವವರು ಅವರು. ಹಾಗಾದರೆ ಮಕ್ಕಳ ಪುಸ್ತಕವನ್ನು ಚಲನಚಿತ್ರವಾಗಿಸುವವನಿಗೆ ಎಷ್ಟು ಸ್ವಾತಂತ್ರ್ಯವುಂಟು? ಈ ಪ್ರಶ್ನೆಗೆ ಬಂಗಾಳದ ಒಂದು ಮನೆತನದ ಚರಿತ್ರೆ ನನಗೆ ತಕ್ಕ ಉತ್ತರ ಕೊಟ್ಟಿದೆ.

ಉಪೇಂದ್ರಕಿಶೋರ ರಾಯಚೌಧುರಿಯವರು ಲೇಖಕರು, ಚಿತ್ರಕಾರರು, ಪಿಟೀಲು ಬಲ್ಲವರು. ಹಾಫ್‌ಟೋನ್ ಮುದ್ರಣದಲ್ಲಿ ಸ್ವಂತ ಸಂಶೋಧನೆ ನಡೆಸಿದವರು. 1913ರಲ್ಲಿ ಅವರು 'ಸಂದೇಶ' ಎಂಬ ಮಕ್ಕಳ ಮಾಸಪತ್ರಿಕೆಯನ್ನು ಆರಂಭಿಸಿದರು. ಬಂಗಾಳಿಯಲ್ಲಿ ಸಂದೇಶವೆಂದರೆ ಸುದ್ದಿಯೂ ಹೌದು, ಸಿಹಿತಿಂಡಿಯೂ ಹೌದು. ಗೂಪಿ ಮತ್ತು ಬಾಘಾ ಎಂಬ ಇಬ್ಬರು ಹಳ್ಳಿಗರ ಕಥೆ ಅದರಲ್ಲಿ 1915ರಲ್ಲಿ ಬೆಳಕು ಕಂಡಿತು. ಒಬ್ಬನಿಗೆ ಹಾಡುವ ಹುಚ್ಚು, ಮತ್ತೊಬ್ಬನಿಗೆ ಡೋಲು ಬಾರಿಸುವ ಹುಚ್ಚು. ಇಬ್ಬರಿಗೂ ವಿದ್ಯೆ ಮಾತ್ರ ಒಲಿದಿಲ್ಲ. ಊರು ಬಿಟ್ಟ ಇವರಿಗೆ ಕಾಡಿನಲ್ಲಿ ಭೂತಗಳು ಒಲಿಯುತ್ತವೆ. ಅದೇ ವರ್ಷದ ಡಿಸೆಂಬರಿನಲ್ಲಿ ಉಪೇಂದ್ರಕಿಶೋರರು ತೀರಿಕೊಂಡರು. ಪತ್ರಿಕೆಯ ಹೊಣೆ ಹೊತ್ತ ಮಗ ಸುಕುಮಾರರೂ 1923ರಲ್ಲಿ, 35ರ ಹರೆಯದಲ್ಲೇ ಕಣ್ಮರೆಯಾದರು. ಆಗ ಸುಕುಮಾರರ ಮಗ ಸತ್ಯಜಿತನಿಗೆ ಎರಡು ವರ್ಷ.

ಅಜ್ಜನನ್ನು ಕಾಣದ ಮೊಮ್ಮಗ ಅವರನ್ನು ಅರಿತದ್ದು ಅಚ್ಚಿನ ಪುಟಗಳಲ್ಲಿ. 1961ರಲ್ಲಿ ಸತ್ಯಜಿತ್ ರಾಯ್ ಅವರು ಕವಿ ಸುಭಾಷ್ ಮುಖೋಪಾಧ್ಯಾಯರೊಡಗೂಡಿ, ನಿಂತುಹೋಗಿದ್ದ 'ಸಂದೇಶ'ವನ್ನು ಮತ್ತೆ ಹೊರಡಿಸಿದರು. ತಂದೆಯ ಚಿತ್ರಗಳೆಲ್ಲ ದೊಡ್ಡವರಿಗಾಗಿಯೇ ಇವೆ, ನನಗೊಂದು ಮಾಡಿಕೊಡು ಎಂದು ಮಗ ಸಂದೀಪ ಹಟ ಹಿಡಿದುದೂ ಆ ದಶಕದಲ್ಲೇ. ಹೀಗೆ 1969ರಲ್ಲಿ 'ಗೂಪಿ ಗಾಯನ್ ಬಾಘಾ ಬಾಯನ್' ತೆರೆಗೆ ಬಂದಿತು. ವರ್ಣದಲ್ಲಿ ತೆಗೆಯಬೇಕೆಂಬ ಆಸೆಗೆ ಹಣ ಒದಗಲಿಲ್ಲ. ಇಡೀ ಚಿತ್ರ ಕಪ್ಪು-ಬಿಳುಪಿನಲ್ಲಿ ಸಾಗಿ, ಕೊನೆಯ ದೃಶ್ಯವಷ್ಟೇ ಬಣ್ಣ ತಳೆಯಿತು. ಆ ಬಡತನದಿಂದ ಚಿತ್ರಕ್ಕೆ ಕೇಡಾಯಿತೆಂದು ನನಗೆ ಅನ್ನಿಸಿಲ್ಲ. ಭೂತಗಳಿಗೆ ಕಪ್ಪು-ಬಿಳುಪೇ ಒಪ್ಪುತ್ತದೆ.

ಭೂತಗಳ ನೃತ್ಯವನ್ನೇ ನೋಡಿ. ಭೂತಗಳು ಬಂದು ಕುಣಿದವು ಎನ್ನುವಷ್ಟಕ್ಕೆ ಅಜ್ಜ ಸುಮ್ಮನಾಗಿದ್ದರು. ಹೇಗೆ ಕುಣಿದವು, ಯಾವ ತಾಳಕ್ಕೆ ಕುಣಿದವು ಎಂಬುದು ಓದುವ ಮಗುವಿನ ಪಾಲು. ಕ್ಯಾಮರಾ ಹಿಡಿದವನಿಗೆ ಆ ಸೌಕರ್ಯವಿಲ್ಲ, ಅವನು ತೋರಿಸಲೇಬೇಕು. ಬಂಗಾಳದ ನೆಲದಲ್ಲಿ ಸತ್ತವರು ಯಾರು ಯಾರು ಎಂದು ಸತ್ಯಜಿತ್ ಯೋಚಿಸಿದಂತಿದೆ. ಅರಸರು, ರೈತರು, ಬಿಳಿಯ ದೊರೆಗಳು, ಕೊಬ್ಬಿದ ಸ್ಥೂಲಕಾಯರು—ಹೀಗೆ ಭೂತಗಳಲ್ಲಿ ನಾಲ್ಕು ವರ್ಗಗಳಾದವು. ಇವರಿಗೆ ಅವರು ಆರಿಸಿದ ವಾದ್ಯಗಳು ಬಂಗಾಳದವಲ್ಲ, ನಮ್ಮ ದಕ್ಷಿಣದ ತಾಳವಾದ್ಯ ಕಚೇರಿಯವು! ಅರಸರಿಗೆ ಮೃದಂಗ, ರೈತರಿಗೆ ಖಂಜಿರ, ಬಿಳಿಯರಿಗೆ ಘಟ, ಸ್ಥೂಲಕಾಯರಿಗೆ ಮೋರ್ಚಿಂಗ್. ಬಿಳಿಯರ ಕುಣಿತವನ್ನು ಸೆಕೆಂಡಿಗೆ 16 ಚೌಕಟ್ಟುಗಳಂತೆ ಚಿತ್ರಿಸಿದ್ದರಿಂದ ಅವರು ಕೀಲಿಗೊಂಬೆಗಳಂತೆ ಬಿರುಸಾಗಿ ಅಲುಗುತ್ತಾರೆ. ಕೊನೆಗೆ ಪ್ರತಿಯೊಂದು ವರ್ಗವೂ ತನ್ನ ತನ್ನಲ್ಲೇ ಕಾದಾಡಿ ಮಡಿಯುತ್ತದೆ. 6 ನಿಮಿಷಗಳಿಗೂ ಮೀರಿದ ಈ ಭಾಗದಲ್ಲಿ ಒಂದೇ ಒಂದು ಮಾತಿಲ್ಲ. ಬಂಗಾಳದ ಇನ್ನೂರು ವರ್ಷಗಳ ಚರಿತ್ರೆಯನ್ನು ಮಕ್ಕಳ ಮುಂದೆ ಇಷ್ಟು ಚಿಕ್ಕದಾಗಿ ಹೇಳಿದ ಪಾಠವನ್ನು ನಾನು ಕಂಡಿಲ್ಲ. ಮಕ್ಕಳು ಅದನ್ನು ಚರಿತ್ರೆಯೆಂದು ತಿಳಿಯಬೇಕಾಗಿಯೂ ಇಲ್ಲ. ಅವರಿಗೆ ಅದು ಭೂತಗಳ ಕುಣಿತ.

ಭೂತರಾಜನ ವರದಿಂದ ಗೂಪಿಯ ಹಾಡು ಕೇಳಿದವರು ಕಲ್ಲಿನಂತೆ ನಿಂತುಬಿಡುತ್ತಾರೆ. (ಆ ಭೂತರಾಜನ ದನಿ ಸತ್ಯಜಿತರದೇ.) ಹಲ್ಲಾ ರಾಜ್ಯದ ಹಸಿದ ಸೈನಿಕರು ಒಂಟೆಗಳೊಡನೆ ಶುಂಡಿಯ ಮೇಲೆ ದಂಡೆತ್ತಿ ಹೊರಟಾಗ ಚಿತ್ರದಲ್ಲಿ ಆಕಾಶದಿಂದ ಸಿಹಿಯ ಮಡಕೆಗಳು ಇಳಿಯುತ್ತವೆ. ಸೈನಿಕರು ಆಯುಧ ಬಿಟ್ಟು ತಿನ್ನಲು ಓಡುತ್ತಾರೆ. ಭಾರತ 1962 ಮತ್ತು 1965ರ ಯುದ್ಧಗಳನ್ನು ಕಂಡು ಹೆಚ್ಚು ಕಾಲವಾಗಿರಲಿಲ್ಲ. ಸಿಹಿತಿಂಡಿಯ ಹೆಸರಿನ ಪತ್ರಿಕೆಯಲ್ಲಿ ಹುಟ್ಟಿದ ಕಥೆಗೆ ಇದಕ್ಕಿಂತ ಸಹಜವಾದ ಶಾಂತಿಮಾರ್ಗ ಬೇರೆ ಇದ್ದೀತೆ?

ಹಾಗೆಂದು ನಷ್ಟವೇ ಇಲ್ಲವೆನ್ನಲಾರೆ. ಚಿತ್ರವನ್ನು ನೋಡಿದ ಬಳಿಕ ಪುಸ್ತಕ ತೆರೆಯುವ ಮಗುವಿಗೆ ಗೂಪಿಯೆಂದರೆ ತಪೇನ್ ಚಟರ್ಜಿಯ ಮುಖ, ಬಾಘಾ ಎಂದರೆ ರವಿ ಘೋಷರ ಮುಖ. ತನ್ನದೇ ಗೂಪಿಯನ್ನು ಕಲ್ಪಿಸುವ ಅವಕಾಶ ತಪ್ಪಿತು. ಆದುದರಿಂದ ಮೊದಲು ಪುಸ್ತಕ, ಆಮೇಲೆ ಚಿತ್ರ ಎಂಬುದೇ ನನ್ನ ಪಕ್ಷ.

1980ರ 'ಹೀರಕ್ ರಾಜಾರ್ ದೇಶೇ' ಚಿತ್ರದಲ್ಲಿ ಗೂಪಿ-ಬಾಘಾ ಮರಳಿ ಬಂದರು. ಅಲ್ಲಿನ ದೊರೆ ಪಾಠಶಾಲೆಯನ್ನು ಮುಚ್ಚಿಸುತ್ತಾನೆ, ಪುಸ್ತಕಗಳನ್ನು ಸುಡಿಸುತ್ತಾನೆ, ಎದುರಾಡುವವರ ತಲೆ ತೊಳೆಯಲು ಯಂತ್ರವನ್ನೇ ಇಟ್ಟಿದ್ದಾನೆ. ತುರ್ತುಪರಿಸ್ಥಿತಿ ಮುಗಿದು ಮೂರು ವರ್ಷವಷ್ಟೇ ಆಗಿತ್ತು. ಈ ಕಥೆ ಪೂರ್ತಿ ಸತ್ಯಜಿತರದು. ಅಜ್ಜನಿಂದ ಬಂದವರು ಆ ಇಬ್ಬರು ಗೆಳೆಯರು ಮಾತ್ರ.